ಇಂಗ್ಲಿಷಿನಲ್ಲಿ ಗುಂಪಾಗಿ ಸಮಸ್ಯೆ–ಪರಿಹಾರ ಪ್ರೆಸೆಂಟೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಕಾಡೆಮಿಕ್ ಇಂಗ್ಲಿಷ್ ಕೋರ್ಸುಗಳಲ್ಲಿ ಮೂರರಿಂದ ಐದು ಜನರ ಗುಂಪಿಗೆ 10ರಿಂದ 15 ನಿಮಿಷ ಕೊಟ್ಟು ಒಂದು ಸಮಸ್ಯೆ, ಅದಕ್ಕೊಂದು ಪರಿಹಾರ ಮಂಡಿಸಲು ಹೇಳುತ್ತಾರೆ. ಕೆಳಗಿನ ಉತ್ತರಗಳು ಅಂಥ ಗುಂಪುಗಳಿಗಾಗಿ. ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇವೆ: ಪರೀಕ್ಷೆಯ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಕೂರಲು ಜಾಗ ಸಿಗುವುದಿಲ್ಲ.

ಮಾಮೂಲಿ ಸೆಮಿನಾರಿಗೂ ಸಮಸ್ಯೆ–ಪರಿಹಾರ ಪ್ರೆಸೆಂಟೇಷನ್ನಿಗೂ ಏನು ವ್ಯತ್ಯಾಸ?

ಸೆಮಿನಾರಿನಲ್ಲಿ ಗೊತ್ತಿರುವುದನ್ನು ವಿವರಿಸಿದರೆ ಸಾಕು. ಇಲ್ಲಿ ಒಂದು ವಾದ ಕಟ್ಟಬೇಕು: ಇದು ನಿಜಕ್ಕೂ ಸಮಸ್ಯೆ, ಇದಕ್ಕೆ ಕಾರಣ ಇದು, ಆ ಕಾರಣವನ್ನು ಈ ಕ್ರಮ ತಡೆಯುತ್ತದೆ, ಆ ಕ್ರಮಕ್ಕೆ ಇಂಥ ಮಿತಿಗಳಿವೆ. ಭಾಷಾವಿಜ್ಞಾನಿ ಮೈಕೆಲ್ ಹೋಯಿ ಇಂಗ್ಲಿಷ್ ಬರಹದಲ್ಲಿ ಗುರುತಿಸಿದ ವಿನ್ಯಾಸವೂ ಇದಕ್ಕೆ ಹತ್ತಿರದ್ದೇ: ಸನ್ನಿವೇಶ, ಸಮಸ್ಯೆ, ಪ್ರತಿಕ್ರಿಯೆ (ಅಂದರೆ ಪರಿಹಾರ), ಮೌಲ್ಯಮಾಪನ. ಅಕಾಡೆಮಿಕ್ ಇಂಗ್ಲಿಷ್ ಪಾಠಗಳಲ್ಲಿ ಸಿಗುವ ಮಾದರಿಗಳು ಬಹುಪಾಲು ಈ ನಾಲ್ಕರ ಮೇಲೆಯೇ ನಿಂತಿವೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮನ್ರೋ ಅನುಕ್ರಮವೂ ಸಿಗುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದ ಈ ಐದು ಹೆಜ್ಜೆಗಳು ಗಮನ, ಅಗತ್ಯ, ತೃಪ್ತಿ (ಅಗತ್ಯ ನೀಗಿಸುವ ಪರಿಹಾರ), ಕಲ್ಪನಾಚಿತ್ರ (ಅದರ ಫಲವನ್ನು ಕಣ್ಣಮುಂದೆ ತರುವುದು), ಕ್ರಿಯೆ. ಕೇಳುಗರನ್ನು ಒಪ್ಪಿಸಿ ಕೆಲಸಕ್ಕೆ ಹಚ್ಚುವ ಭಾಷಣಕ್ಕೆ ಅದು ಒಳ್ಳೆಯದು. ಆದರೆ ನಿಮ್ಮ ಪರಿಹಾರದ ಕೊರತೆಗಳನ್ನು ತೂಗಿ ನೋಡಲು ಅದರಲ್ಲಿ ಬೇರೆಯೇ ಆದ ಹೆಜ್ಜೆಯಿಲ್ಲ, ಅಕಾಡೆಮಿಕ್ ಮಂಡನೆಯಲ್ಲಿ ಅದು ಬೇಕೇ ಬೇಕು. ಅದನ್ನೇ ಅನುಸರಿಸುವುದಾದರೆ ಮೌಲ್ಯಮಾಪನವನ್ನು ನೀವೇ ಸೇರಿಸಿಕೊಳ್ಳಿ.

ವಿಷಯ ಆರಿಸುವುದು ಹೇಗೆ?

ದೊಡ್ಡ ವಿಷಯ ತೆಗೆದುಕೊಳ್ಳುವುದೇ ಮೊದಲ ಎಡವಟ್ಟು. ‘ಹವಾಮಾನ ಬದಲಾವಣೆ’, ‘ನಿರುದ್ಯೋಗ’, ‘ಮೊಬೈಲ್ ಚಟ’ 12 ನಿಮಿಷಕ್ಕೆ ಸಿಗುವ ವಿಷಯಗಳಲ್ಲ. ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಯಾರಿಗೆ, ಎಲ್ಲಿ, ಯಾವಾಗ ಎಂಬ ಮೂರಕ್ಕೂ ಆ ವಾಕ್ಯದಲ್ಲಿ ಉತ್ತರವಿರಬೇಕು. ‘ವಿದ್ಯಾರ್ಥಿಗಳಿಗೆ ಓದಲು ಜಾಗವಿಲ್ಲ’ ಎಂದರೆ ಇನ್ನೂ ಸಡಿಲ. ‘ಪರೀಕ್ಷೆಗೆ ಮುಂಚಿನ ಎರಡು ವಾರ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ, ಗ್ರಂಥಾಲಯದ ಓದುವ ಕೋಣೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸೀಟು ಸಿಗುವುದಿಲ್ಲ’ ಎಂದರೆ ಹಿಡಿತಕ್ಕೆ ಬಂತು.

ಆಮೇಲೆ ಇನ್ನೊಂದು ಪ್ರಶ್ನೆ: ಇದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆ? ಒಬ್ಬ ಅಧಿಕಾರಿ, ಒಂದು ವಿಭಾಗ, ಒಂದು ಸಮಿತಿ ಎಂದು ಬೆರಳು ತೋರಿಸಲು ಆಗದಿದ್ದರೆ ವಿಷಯ ಇನ್ನೂ ದೊಡ್ಡದಾಗಿದೆ. ‘ಸರ್ಕಾರ ಮಾಡಬೇಕು’, ‘ಜನ ಬದಲಾಗಬೇಕು’ ಎಂಬಲ್ಲಿಗೆ ಬಂದು ನಿಲ್ಲುವ ವಿಷಯವನ್ನು ಬಿಟ್ಟುಬಿಡುವುದು ವಾಸಿ.

ಕಾರಣವನ್ನು ಅಗೆದು ತೆಗೆಯುವುದು ಹೇಗೆ?

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಗುಂಪುಗಳು ಸಮಸ್ಯೆಯಿಂದ ಪರಿಹಾರಕ್ಕೆ ನೇರ ಜಿಗಿಯುತ್ತವೆ: ಸೀಟಿಲ್ಲ, ಹಾಗಾದರೆ ಕುರ್ಚಿ ಹೆಚ್ಚಿಸಿ. ಇದು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ. ಬಿಸಿ ಇಳಿದೀತು, ರೋಗ ಅಲ್ಲೇ ಇರುತ್ತದೆ.

ಟೊಯೋಟಾ ಕಾರ್ಖಾನೆಗಳಿಂದ ಹರಡಿದ ‘ಐದು ಏಕೆ’ ವಿಧಾನ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಸೀಟು ಏಕೆ ಸಿಗುತ್ತಿಲ್ಲ? ಎಲ್ಲವೂ ಹಿಡಿದಿವೆ. ಏಕೆ? ಎಷ್ಟೋ ಕುರ್ಚಿಗಳ ಮೇಲೆ ಜನರಿಲ್ಲ, ಬ್ಯಾಗುಗಳಿವೆ. ಬ್ಯಾಗು ಇಟ್ಟು ಏಕೆ ಹೋಗುತ್ತಾರೆ? ಊಟಕ್ಕೋ ತರಗತಿಗೋ ಹೋಗಿ ಬರುವಷ್ಟರಲ್ಲಿ ಜಾಗ ಹೋಗುತ್ತದೆಂಬ ಭಯ. ಸಿಬ್ಬಂದಿ ಬ್ಯಾಗು ಏಕೆ ತೆಗೆಯುವುದಿಲ್ಲ? ಎಷ್ಟು ಹೊತ್ತು ಜಾಗ ಕಾದಿಡಬಹುದು ಎಂಬ ನಿಯಮವೇ ಇಲ್ಲ. ನಿಯಮ ಏಕಿಲ್ಲ? ಬ್ಯಾಗು ಯಾವಾಗಿನಿಂದ ಅಲ್ಲಿದೆ ಎಂದು ತಿಳಿಯುವ ದಾರಿಯಿಲ್ಲ. ಈಗ ಕೈ ಹಾಕಬಹುದಾದ ಕಾರಣ ಸಿಕ್ಕಿತು. ಐದೇ ಸಲ ಕೇಳಬೇಕೆಂದಿಲ್ಲ. ಅಧಿಕಾರ ಇರುವವರು ಬದಲಿಸಬಲ್ಲ ಒಂದು ಸಂಗತಿ ಎದುರಾದ ಕಡೆ ನಿಲ್ಲಿಸಿ.

ಕಾರಣಗಳು ಹಲವಿದ್ದರೆ ಜಪಾನಿನ ಕೌರು ಇಶಿಕಾವಾ ಅವರ ಮೀನಿನ ಮೂಳೆಯ ಚಿತ್ರ ಬಿಡಿಸಿ: ತಲೆಯಲ್ಲಿ ಸಮಸ್ಯೆ, ಒಂದೊಂದು ಮೂಳೆಗೆ ಒಂದೊಂದು ಬಗೆಯ ಕಾರಣ. ಆದರೆ ಚಿತ್ರ ಗುಂಪಿನ ಚರ್ಚೆಗಷ್ಟೇ. ಎಂಟು ಕಾರಣಗಳನ್ನು ಪರದೆಯ ಮೇಲೆ ತೋರಿಸಿ ಒಂದಕ್ಕೆ ಮಾತ್ರ ಪರಿಹಾರ ಹೇಳಿದರೆ, ಉಳಿದ ಏಳರ ಬಗ್ಗೆ ಪ್ರಶ್ನೆ ಬರುವುದು ಖಂಡಿತ.

ಕಾರಣಕ್ಕೆ ಪುರಾವೆಯೂ ಬೇಕು. ನಮ್ಮ ಉದಾಹರಣೆಯಲ್ಲಿ ಮೂರು ದಿನ, ದಿನಕ್ಕೆ ನಾಲ್ಕು ಹೊತ್ತು, ಓದುವ ಕೋಣೆಯ ಸೀಟುಗಳನ್ನು ಮೂರು ಬಗೆಯಾಗಿ ಎಣಿಸಿದರೆ ಆಯಿತು: ಜನ ಕೂತದ್ದು, ಬ್ಯಾಗು ಮಾತ್ರ ಇದ್ದದ್ದು, ಖಾಲಿ. ಒಟ್ಟು 12 ಎಣಿಕೆ. ‘ಎಲ್ಲರಿಗೂ ಗೊತ್ತು’ ಎನ್ನುವುದಕ್ಕಿಂತ ಈ ಸಣ್ಣ ಕೋಷ್ಟಕಕ್ಕೆ ತೂಕ ಹೆಚ್ಚು. ಮೂರೇ ದಿನದ ಎಣಿಕೆ ಎಂಬುದನ್ನು ಮುಚ್ಚಿಡದೆ ಹೇಳಿ.

ಎಷ್ಟು ಪರಿಹಾರ ಕೊಡಬೇಕು?

ಒಂದು. ಹೆಚ್ಚೆಂದರೆ ಎರಡು. ಐದಾರು ಪರಿಹಾರಗಳನ್ನು ಪಟ್ಟಿ ಮಾಡಿದರೆ ಯಾವುದನ್ನೂ ವಿವರಿಸಲು ಸಮಯ ಉಳಿಯುವುದಿಲ್ಲ.

ಎರಡು ಮೂರು ದಾರಿಗಳನ್ನು ಹೋಲಿಸಿ ಒಂದನ್ನು ಆರಿಸಿಕೊಂಡದ್ದನ್ನು ತೋರಿಸಿದರೆ ವಾದ ಗಟ್ಟಿಯಾಗುತ್ತದೆ. ಹೋಲಿಸಲು ಅಳತೆಗೋಲು ಮೊದಲೇ ಹೇಳಿ: ಖರ್ಚು, ಬೇಕಾಗುವ ಸಮಯ, ಜಾರಿ ಮಾಡುವ ಸುಲಭ. ಕುರ್ಚಿ ಹೆಚ್ಚಿಸುವುದು ದುಬಾರಿ, ಮೇಲಾಗಿ ಬ್ಯಾಗು ಇಡುವ ಅಭ್ಯಾಸಕ್ಕೆ ಅದು ಮದ್ದಲ್ಲ. ಮೊಬೈಲ್ ಆ್ಯಪಿನಲ್ಲಿ ಸೀಟು ಕಾದಿರಿಸುವುದು ಸಾಧ್ಯ, ತಯಾರಿಗೆ ತಿಂಗಳುಗಟ್ಟಲೆ ಬೇಕು. ಹೊರಹೋಗುವ ಸಮಯ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು 30 ನಿಮಿಷದೊಳಗೆ ಬರಬೇಕು, ತಡವಾದರೆ ಸೀಟು ಬೇರೆಯವರಿಗೆ ಎಂಬ ನಿಯಮ ನಾಳೆಯೇ ಶುರುವಾಗಬಹುದು.

ಆರಿಸಿದ ಪರಿಹಾರವನ್ನು ವಿವರಿಸುವಾಗ ಯಾರು ಮಾಡುತ್ತಾರೆ, ಏನು ಬೇಕು, ಯಾವಾಗಿನಿಂದ, ಫಲಿಸಿತೋ ಇಲ್ಲವೋ ಹೇಗೆ ಅಳೆಯುವುದು ಎಂಬುದಕ್ಕೆಲ್ಲ ಉತ್ತರವಿರಲಿ. ಅಳತೆ ಸುಲಭ: ಮೊದಲು ಎಣಿಸಿದ ಹಾಗೆಯೇ ನಿಯಮ ಬಂದ ಮೇಲೆ ಮತ್ತೆ ಎಣಿಸುವುದು.

‘ಜಾಗೃತಿ ಮೂಡಿಸಬೇಕು’ ಎಂಬ ಪರಿಹಾರದ ಬಗ್ಗೆ ಎಚ್ಚರ. ಜನರಿಗೆ ತಿಳಿಯದೇ ಇರುವುದೇ ಕಾರಣವೆಂದು ನೀವು ಪುರಾವೆ ಸಮೇತ ತೋರಿಸಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಬ್ಯಾಗು ಇಟ್ಟು ಹೋಗುವವರಿಗೆ ತಾವು ಮಾಡುತ್ತಿರುವುದು ಗೊತ್ತೇ ಇದೆ. ಅಲ್ಲಿ ಪೋಸ್ಟರ್ ಅಂಟಿಸಿ ಫಲವಿಲ್ಲ.

ನಮ್ಮ ಪರಿಹಾರದ ದೋಷವನ್ನು ನಾವೇ ಹೇಳಿದರೆ ಅಂಕ ಹೋಗುವುದಿಲ್ಲವೇ?

ಹೋಗುವುದಿಲ್ಲ, ಬರುತ್ತದೆ. ಕೇಳುಗರ ಮನಸ್ಸಿಗೆ ಹೇಗೂ ಬರುವ ಆಕ್ಷೇಪವನ್ನು ನೀವೇ ಮೊದಲು ಎತ್ತಿ ಉತ್ತರಿಸಿದರೆ ಆಳವಾಗಿ ಯೋಚಿಸಿದ್ದೀರಿ ಎಂದು ತಿಳಿಯುತ್ತದೆ. ಮೂರು ಹೆಜ್ಜೆ ಇಡಿ: ಆಕ್ಷೇಪ ಹೇಳಿ, ಅದರಲ್ಲಿರುವ ನಿಜ ಒಪ್ಪಿ, ಅದನ್ನು ಹೇಗೆ ತಗ್ಗಿಸುತ್ತೀರಿ ಎಂದು ತಿಳಿಸಿ. ಚೀಟಿಯಲ್ಲಿ ಸುಳ್ಳು ಸಮಯ ಬರೆಯಬಹುದಲ್ಲ? ಹೌದು, ಬರೆಯಬಹುದು. ಸಿಬ್ಬಂದಿಯೇ ಸಮಯದ ಮುದ್ರೆ ಒತ್ತಿ ಕೊಟ್ಟರೆ ಅದು ಕಷ್ಟವಾಗುತ್ತದೆ, ಬದಲಿಗೆ ಸಿಬ್ಬಂದಿಯ ಕೆಲಸ ಸ್ವಲ್ಪ ಹೆಚ್ಚುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಲೀಸಾದ ಅಚ್ಚು: “ಸಮ್ ಮೇ ಆರ್ಗ್ಯೂ ದಟ್…”, “ದಿಸ್ ಈಸ್ ಎ ವ್ಯಾಲಿಡ್ ಕನ್ಸರ್ನ್”, “ಹೌಎವರ್, ದ ರಿಸ್ಕ್ ಕುಡ್ ಬಿ ರೆಡ್ಯೂಸ್ಡ್ ಬೈ…”.

ಗುಂಪಿನಲ್ಲಿ ಕೆಲಸ ಹಂಚುವುದು ಹೇಗೆ?

ಮೊದಲ ದಿನವೇ ‘ನೀನು ಸಮಸ್ಯೆ ನೋಡಿಕೊ, ನಾನು ಪರಿಹಾರ ನೋಡಿಕೊಳ್ತೀನಿ’ ಎಂದು ಹಂಚಿಕೊಂಡ ಗುಂಪು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ಒಬ್ಬರು ಹೇಳಿದ ಕಾರಣಕ್ಕೂ ಇನ್ನೊಬ್ಬರು ಹೇಳುವ ಪರಿಹಾರಕ್ಕೂ ಸಂಬಂಧವೇ ಇರುವುದಿಲ್ಲ, ಅದು ಬಯಲಾಗುವುದು ವೇದಿಕೆಯ ಮೇಲೆ.

ಮೊದಲು ಎಲ್ಲರೂ ಕೂತು ಇಡೀ ವಾದವನ್ನು ಐದು ವಾಕ್ಯಗಳಲ್ಲಿ ಬರೆಯಿರಿ: ಸನ್ನಿವೇಶ, ಸಮಸ್ಯೆ, ಕಾರಣ, ಪರಿಹಾರ, ಮಿತಿ. ಕನ್ನಡದಲ್ಲೇ ಬರೆದರೂ ಸರಿ. ಈ ಹಂತದಲ್ಲಿ ಬೇಕಾದದ್ದು ಸ್ಪಷ್ಟ ಯೋಚನೆ, ಅದು ತಾಯ್ನುಡಿಯಲ್ಲಿ ಬೇಗ ಬರುತ್ತದೆ. ಐದನ್ನೂ ಎಲ್ಲರೂ ಒಪ್ಪಿದ ಮೇಲೆ ಭಾಗ ಹಂಚಿ. ಮಾತಿನ ಭಾಗದ ಜೊತೆ ಪ್ರತಿಯೊಬ್ಬರಿಗೂ ಇನ್ನೊಂದು ಹೊಣೆ ಇರಲಿ: ಒಬ್ಬರು ಸ್ಲೈಡುಗಳನ್ನೆಲ್ಲ ಒಂದೇ ರೂಪಕ್ಕೆ ತರಲಿ, ಒಬ್ಬರು ಮೂಲಗಳ ಪಟ್ಟಿ ಇಟ್ಟುಕೊಳ್ಳಲಿ, ಒಬ್ಬರು ಸಮಯ ನೋಡಲಿ, ಒಬ್ಬರು ಬರಬಹುದಾದ ಪ್ರಶ್ನೆಗಳನ್ನು ಕಲೆಹಾಕಲಿ.

ನಾಲ್ವರಿಗೆ 12 ನಿಮಿಷ. ಹೇಗೆ ಹೊಂದಿಸುವುದು?

ಆರಂಭ 1, ಸನ್ನಿವೇಶ 1, ಸಮಸ್ಯೆಯ ಗಾತ್ರ 1, ಪರಿಣಾಮ 1, ಕಾರಣ 2, ಪರಿಹಾರ 3, ಮೌಲ್ಯಮಾಪನ 2, ಮುಕ್ತಾಯ 1. ಮೊದಲ ಮೂರು ಒಬ್ಬರಿಗೆ, ಪರಿಣಾಮ ಮತ್ತು ಕಾರಣ ಎರಡನೆಯವರಿಗೆ, ಪರಿಹಾರ ಮೂರನೆಯವರಿಗೆ, ಉಳಿದದ್ದು ನಾಲ್ಕನೆಯವರಿಗೆ. ಎಲ್ಲರಿಗೂ ಮೂರು ಮೂರು ನಿಮಿಷ.

ಎರಡನೆಯ ಭಾಷೆಯಲ್ಲಿ ತಿಳಿಯಾಗಿ ಮಾತಾಡಿದರೆ ನಿಮಿಷಕ್ಕೆ 110ರಿಂದ 120 ಪದ ಸಾಗುತ್ತವೆ. ಮೂರು ನಿಮಿಷಕ್ಕೆ 350 ಪದ ಎಂದು ಲೆಕ್ಕ ಹಾಕಿ ಅಷ್ಟನ್ನೂ ಬರೆಯಬೇಡಿ. ಸ್ಲೈಡ್ ಬದಲಿಸಲು, ಗ್ರಾಫ್ ತೋರಿಸಲು, ಉಸಿರು ತೆಗೆಯಲು ಸಮಯ ಬೇಕು. 300 ಪದಕ್ಕೆ ನಿಲ್ಲಿಸಿ. ಗುಂಪಿನ ಮಂಡನೆಯಲ್ಲಿ ಸಮಯ ಮೀರಿದರೆ ಪೆಟ್ಟು ಬೀಳುವುದು ಕೊನೆಯವರಿಗೆ. ಮೊದಲ ಮೂವರು ತಲಾ 40 ಸೆಕೆಂಡು ಹೆಚ್ಚು ತೆಗೆದುಕೊಂಡರೆ ನಾಲ್ಕನೆಯವರಿಗೆ ಉಳಿಯುವುದು ಒಂದೇ ನಿಮಿಷ, ಕತ್ತರಿ ಬೀಳುವುದು ಮೌಲ್ಯಮಾಪನಕ್ಕೆ.

ಬರೆದುಕೊಂಡು ಓದಬಹುದೇ? ಬಾಯಿಪಾಠ ಮಾಡಬಹುದೇ?

ಎರಡೂ ಬೇಡ. ಓದಿದರೆ ಕಣ್ಣು ಕಾಗದ ಬಿಟ್ಟು ಏಳುವುದಿಲ್ಲ, ದನಿ ಚಪ್ಪಟೆಯಾಗುತ್ತದೆ. ಗಿಣಿಪಾಠ ಒಪ್ಪಿಸುವಾಗ ಒಂದು ಪದ ಮರೆತರೆ ಮುಂದಿನ ಇಡೀ ಪ್ಯಾರಾ ಕಳಚಿಕೊಳ್ಳುತ್ತದೆ. ಅಂಗೈಯಗಲದ ಕಾರ್ಡಿನ ಮೇಲೆ ಒಂದೊಂದು ಅಂಶಕ್ಕೆ ಮೂರು ನಾಲ್ಕು ಪದ, ಹೇಳಬೇಕಾದ ಅಂಕಿ, ಮೂಲದ ಹೆಸರು ಇಷ್ಟನ್ನು ಮಾತ್ರ ಬರೆದುಕೊಳ್ಳಿ. ನಿಮಿಷಕ್ಕೊಂದು ಕಾರ್ಡು ಸಾಕು. ಕಾರ್ಡುಗಳಿಗೆ ಸಂಖ್ಯೆ ಹಾಕಿ, ಕೈಜಾರಿ ಬಿದ್ದಾಗ ಅದೇ ನಿಮ್ಮನ್ನು ಕಾಯುತ್ತದೆ.

ಬಾಯಿಪಾಠಕ್ಕೆ ಯೋಗ್ಯವಾದವು ಎರಡೇ: ನಿಮ್ಮ ಭಾಗದ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ. ಭಯ ಹೆಚ್ಚಿರುವುದು ಮೊದಲಲ್ಲಿ, ತಡವರಿಕೆ ಹೆಚ್ಚಿರುವುದು ಕೊನೆಯಲ್ಲಿ.

ಅಕಾಡೆಮಿಕ್ ಇಂಗ್ಲಿಷ್ ಎಂದರೆ ದೊಡ್ಡ ದೊಡ್ಡ ಪದಗಳೇ?

ಅಲ್ಲ. ನಿಖರತೆ, ಎಚ್ಚರ, ಆಧಾರ ಇದ್ದರೆ ಅದು ಅಕಾಡೆಮಿಕ್ ಭಾಷೆ. ಪದಗಳ ಮಟ್ಟಿಗೆ ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಒಳ್ಳೆಯ ದಾರಿದೀಪ. ಹಲವು ಶಾಸ್ತ್ರಗಳ ಬರಹದಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳು) ಅದರಲ್ಲಿವೆ. ನಿಮ್ಮ ವಿಷಯಕ್ಕೆ ಹೊಂದುವ ಹತ್ತನ್ನು ಆರಿಸಿ ಬಾಯಲ್ಲಿ ಪಳಗಿಸಿಕೊಂಡರೆ ಸಾಕು: ಫ್ಯಾಕ್ಟರ್, ಇಂಪ್ಯಾಕ್ಟ್, ಎವಿಡೆನ್ಸ್, ಸಿಗ್ನಿಫಿಕಂಟ್, ಇಂಪ್ಲಿಮೆಂಟ್, ಆಲ್ಟರ್ನೇಟಿವ್ ಇಂಥವು.

ಮುಖ್ಯವಾದದ್ದು ಹೇಳಿಕೆಯ ಬಿಗಿಯನ್ನು ಪುರಾವೆಗೆ ತಕ್ಕಂತೆ ಇಡುವುದು. “ದಿಸ್ ವಿಲ್ ಸಾಲ್ವ್ ದ ಪ್ರಾಬ್ಲಂ” ಎಂದರೆ ಒಂದು ಪ್ರಶ್ನೆಗೆ ಕುಸಿಯುತ್ತದೆ. “ದಿಸ್ ಈಸ್ ಲೈಕ್ಲಿ ಟು ರೆಡ್ಯೂಸ್ ದ ಪ್ರಾಬ್ಲಂ” ನಿಲ್ಲುತ್ತದೆ. ಹಾಗೆಂದು “ಇಟ್ ಮೇ ಪಾಸಿಬ್ಲಿ ಸೀಮ್ ಟು…” ಎಂದು ಮೂರು ಮೂರು ಅನುಮಾನ ಪೇರಿಸಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. ವಾಕ್ಯಕ್ಕೆ ಒಂದು ಎಚ್ಚರದ ಪದ ಸಾಕು. ಇನ್ನೂ ಜಾರಿಯಾಗದ ಪರಿಹಾರಕ್ಕೆ ಒಪ್ಪುವ ವ್ಯಾಕರಣ ಇದು: “ಇಫ್ ದ ಲೈಬ್ರರಿ ಇಂಟ್ರೊಡ್ಯೂಸ್ಡ್ ಎ ಟೈಮ್ ಸ್ಲಿಪ್, ಮೋರ್ ಸೀಟ್ಸ್ ವುಡ್ ಬಿಕಮ್ ಅವೈಲಬಲ್.”

ಬರಹದ ಇಂಗ್ಲಿಷನ್ನು ಹಾಗೆಯೇ ಬಾಯಿಗೆ ತರಬೇಡಿ. ಓದುಗರು ಹಿಂದಿನ ಸಾಲಿಗೆ ಮರಳಬಲ್ಲರು, ಕೇಳುಗರಿಗೆ ಅದು ಆಗದು. 15 ಪದ ದಾಟಿದ ವಾಕ್ಯವನ್ನು ಎರಡಾಗಿ ಒಡೆಯಿರಿ.

ಯಾವ ಯಾವ ವಾಕ್ಯಗಳನ್ನು ಕೈಯಲ್ಲಿಟ್ಟುಕೊಂಡಿರಬೇಕು?

ದಾರಿ ತೋರಿಸುವ ವಾಕ್ಯಗಳನ್ನು. ಆರಂಭದಲ್ಲಿ: “ಅವರ್ ಪ್ರೆಸೆಂಟೇಷನ್ ಈಸ್ ಇನ್ ಫೋರ್ ಪಾರ್ಟ್ಸ್.” ಸಮಸ್ಯೆಗೆ: “ದ ಮೇನ್ ಪ್ರಾಬ್ಲಂ ಈಸ್ ದಟ್…”. ಕಾರಣಕ್ಕೆ: “ದಿಸ್ ಈಸ್ ಲಾರ್ಜ್‌ಲಿ ಡ್ಯೂ ಟು…”, “ಒನ್ ಅಂಡರ್‌ಲೈಯಿಂಗ್ ಕಾಸ್ ಈಸ್…”. ಪರಿಣಾಮಕ್ಕೆ: “ಆ್ಯಸ್ ಎ ರಿಸಲ್ಟ್…”. ಪರಿಹಾರಕ್ಕೆ: “ಒನ್ ವೇ ಟು ಅಡ್ರೆಸ್ ದಿಸ್ ವುಡ್ ಬಿ ಟು…”. ಮೌಲ್ಯಮಾಪನಕ್ಕೆ: “ದ ಮೇನ್ ಅಡ್ವಾಂಟೇಜ್ ಆಫ್ ದಿಸ್ ಅಪ್ರೋಚ್ ಈಸ್…”, “ಎ ಪಾಸಿಬಲ್ ಲಿಮಿಟೇಷನ್ ಈಸ್…”. ನಾಲ್ವರೂ ಎಲ್ಲವನ್ನೂ ಕಲಿಯಬೇಕಿಲ್ಲ, ಅವರವರ ಭಾಗದ್ದು ನಾಲಗೆಗೆ ಹತ್ತಿದ್ದರೆ ಆಯಿತು.

ಕನ್ನಡ ಮಾತಾಡುವವರ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ನುಸುಳುವ ತಪ್ಪುಗಳು ಯಾವುವು?

‘ನನ್ನ ಪ್ರಕಾರ’ ಎಂಬುದು ಕನ್ನಡದಲ್ಲಿ ಸಹಜ, ಅದರಿಂದ “ಅಕಾರ್ಡಿಂಗ್ ಟು ಮಿ” ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅಕಾರ್ಡಿಂಗ್ ಟು ಬೇರೆಯವರ ಮಾತಿಗೆ, ವರದಿಗೆ ಮೀಸಲು. ನಿಮ್ಮದಕ್ಕೆ “ಇನ್ ಅವರ್ ವ್ಯೂ” ಎನ್ನಿ. ‘ಬಗ್ಗೆ ಚರ್ಚಿಸು’ ಎಂಬುದು “ಡಿಸ್ಕಸ್ ಅಬೌಟ್” ಆಗಿಬಿಡುತ್ತದೆ. ಡಿಸ್ಕಸ್ ಪದಕ್ಕೆ ಅಬೌಟ್ ಬೇಡ. “ಕೋಪ್ ಅಪ್ ವಿತ್” ಅಲ್ಲ, ಕೋಪ್ ವಿತ್. “ಸಜೆಸ್ಟ್ ಟು ಡೂ” ಅಲ್ಲ, ಸಜೆಸ್ಟ್ ಡೂಯಿಂಗ್. ಸಲ್ಯೂಷನ್ ಟು, ಕಾಸ್ ಆಫ್, ರೀಸನ್ ಫಾರ್, ಎಫೆಕ್ಟ್ ಆನ್, ಇನ್‌ಕ್ರೀಸ್ ಇನ್: ಈ ಐದು ಜೋಡಿಗಳು ಇಂಥ ಪ್ರೆಸೆಂಟೇಷನ್ನಿನಲ್ಲಿ ಹತ್ತಾರು ಸಲ ಬರುತ್ತವೆ, ಇವನ್ನು ತಪ್ಪಿಲ್ಲದೆ ಹೇಳಿದರೆ ಅರ್ಧ ವ್ಯಾಕರಣ ಗೆದ್ದಂತೆ.

ಬಹುವಚನ ಒಪ್ಪದ ಪದಗಳೂ ಇವೆ: ಇನ್ಫರ್ಮೇಷನ್, ಎಕ್ವಿಪ್‌ಮೆಂಟ್, ಅಡ್ವೈಸ್, ಎವಿಡೆನ್ಸ್, ರಿಸರ್ಚ್. ಇವುಗಳ ಕೊನೆಗೆ ‘ಸ್’ ಸೇರಿಸಬೇಡಿ. ಬೇಕಿದ್ದರೆ “ಟೂ ಪೀಸಸ್ ಆಫ್ ಎವಿಡೆನ್ಸ್” ಎನ್ನಬಹುದು.

ಉಚ್ಚಾರಣೆ ಬದಲಿಸಿಕೊಳ್ಳಬೇಕೇ?

ಶೈಲಿ ಬದಲಿಸಬೇಕಿಲ್ಲ, ಅರ್ಥವಾದರೆ ಸಾಕು. ಅರ್ಥ ಕೆಡಿಸುವುದು ಹೆಚ್ಚಾಗಿ ಪದದ ಮೇಲಿನ ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಸುಮಾರಾಗಿ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ. ಅನಲೈಸ್ ಪದದಲ್ಲಿ ಒತ್ತು ಮೊದಲಿಗೆ, ಅನಾಲಿಸಿಸ್ ಪದದಲ್ಲಿ ಎರಡನೆಯದಕ್ಕೆ. ಎಕಾನಮಿಯಲ್ಲಿ ಎರಡನೆಯದಕ್ಕೆ, ಎಕನಾಮಿಕ್‌ನಲ್ಲಿ ಮೂರನೆಯದಕ್ಕೆ. ಡೆವಲಪ್‌ನಲ್ಲಿ ಒತ್ತು ನಡುವೆ. ಇನ್‌ಕ್ರೀಸ್ ನಾಮಪದವಾದರೆ ಮೊದಲಿಗೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ನಿಮ್ಮ ಭಾಗದ ಮುಖ್ಯ ಪದಗಳು ಹದಿನೈದಕ್ಕಿಂತ ಹೆಚ್ಚಿರುವುದಿಲ್ಲ. ನಿಘಂಟಿನ ಧ್ವನಿ ಕೇಳಿ ಅವಷ್ಟನ್ನು ತಿದ್ದಿಕೊಳ್ಳಿ.

ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಉ’ ಸೇರಿಸುವ ನಮ್ಮ ಅಭ್ಯಾಸವೂ ಇಣುಕುತ್ತದೆ. ಭೂತಕಾಲದ ಕೊನೆಯ ಸದ್ದಿನಲ್ಲಂತೂ ಗೊಂದಲ ಜಾಸ್ತಿ: ವರ್ಕ್ಡ್, ರೆಡ್ಯೂಸ್ಡ್ ಪದಗಳ ತುದಿಯಲ್ಲಿ ಕೇಳಬೇಕಾದದ್ದು ‘ಟ್’, ಚೇಂಜ್ಡ್ ತುದಿಯಲ್ಲಿ ‘ಡ್’. ಸಜೆಸ್ಟೆಡ್, ನೀಡೆಡ್ ತರಹದ ‘ಟ್’, ‘ಡ್’ ಅಂತ್ಯದ ಕ್ರಿಯಾಪದಗಳಿಗೆ ಮಾತ್ರ ಒಂದು ಉಚ್ಚಾರಾಂಶ ಹೆಚ್ಚುತ್ತದೆ.

ಮಾತಿನಲ್ಲಿ ಮೂಲ ಹೇಳುವುದು ಹೇಗೆ?

ಯಾರು, ಯಾವ ವರ್ಷ, ಏನು ಕಂಡುಕೊಂಡರು ಎಂದರೆ ಸಾಕು. “ಎ 2019 ಸ್ಟಡಿ ಬೈ…” ಎಂದು ಶುರುಮಾಡಿ ಸಂಶೋಧಕರ ಹೆಸರು ಹೇಳಿ. ವೆಬ್ ವಿಳಾಸವನ್ನು ಬಾಯಲ್ಲಿ ಓದಬೇಡಿ. ಸ್ಲೈಡಿನ ಕೆಳಗೆ ಲೇಖಕರು ಮತ್ತು ವರ್ಷ ಸಣ್ಣದಾಗಿ, ಪೂರ್ತಿ ವಿವರ ಕೊನೆಯ ಸ್ಲೈಡಿನಲ್ಲಿ. ನೀವೇ ಎಣಿಸಿದ್ದಾದರೆ ಅದನ್ನೂ ಹೇಳಿ: ಯಾವ ದಿನ, ಎಷ್ಟು ಸಲ, ಹೇಗೆ. ಚಿತ್ರಗಳಿಗೂ ಮೂಲ ಬೇಕು ಎಂಬುದನ್ನು ಬಹಳ ಗುಂಪುಗಳು ಮರೆಯುತ್ತವೆ.

ಪಿಪಿಟಿ ಹೇಗಿರಬೇಕು?

ಸ್ಲೈಡಿನಲ್ಲಿ ಇರುವುದನ್ನೇ ಓದಿ ಹೇಳುವುದು ಎಲ್ಲಕ್ಕಿಂತ ದೊಡ್ಡ ದೋಷ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿಗೆ ಅದೇ ಮಾತು ಇನ್ನೊಂದು ವೇಗದಲ್ಲಿ ಬೀಳುತ್ತದೆ, ಎರಡೂ ತಿಕ್ಕಾಡುತ್ತವೆ. ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ತತ್ವಗಳಲ್ಲಿ ಇದೂ ಒಂದು: ಚಿತ್ರ ಮತ್ತು ಮಾತು ಇರುವಾಗ ಅದೇ ಮಾತನ್ನು ಪರದೆಯ ಮೇಲೂ ಬರೆದರೆ ಕಲಿಕೆಗೆ ಸಾಮಾನ್ಯವಾಗಿ ಅಡ್ಡಿ.

ಶೀರ್ಷಿಕೆಯಲ್ಲಿ ‘ಕಾಸಸ್’ ಎಂದು ಬರೆಯುವ ಬದಲು ನೀವು ಹೇಳಹೊರಟಿರುವ ಮಾತನ್ನೇ ಪುಟ್ಟ ವಾಕ್ಯವಾಗಿ ಬರೆಯಿರಿ: “ಬ್ಯಾಗ್ಸ್, ನಾಟ್ ಪೀಪಲ್, ಆಕ್ಯುಪೈ ಮೆನಿ ಸೀಟ್ಸ್”. ಕೆಳಗೆ ಅದಕ್ಕೆ ಪುರಾವೆಯಾಗುವ ಒಂದು ಚಿತ್ರ ಅಥವಾ ಗ್ರಾಫ್. ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಬೇಡ, ಮೂಲದ ಸಾಲನ್ನು ಬಿಟ್ಟು. 12 ನಿಮಿಷಕ್ಕೆ 10ರಿಂದ 12 ಸ್ಲೈಡು. ಕೆಂಪು–ಹಸಿರು ವ್ಯತ್ಯಾಸದಿಂದ ಮಾತ್ರ ಅರ್ಥವಾಗುವ ಗ್ರಾಫ್ ಬೇಡ, ಆ ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರು ಕೇಳುಗರಲ್ಲಿರಬಹುದು. ಅಕ್ಷರ ಹಾರಿ ಬರುವ, ತಿರುಗುವ ಅಲಂಕಾರಗಳನ್ನು ಬಿಡಿ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಗ್ರಾಫ್ ವಿವರಿಸುವಾಗ ಎಲ್ಲಿ ಎಡವುತ್ತಾರೆ?

ತೋರಿಸಿದ ಕೂಡಲೇ ತೀರ್ಮಾನಕ್ಕೆ ಓಡುತ್ತಾರೆ. ಮೊದಲು ಗ್ರಾಫ್ ಯಾವುದರ ಬಗ್ಗೆ, ಅಡ್ಡ ಗೆರೆಯಲ್ಲಿ ಏನು, ಉದ್ದ ಗೆರೆಯಲ್ಲಿ ಏನು ಎಂದು ಹೇಳಿ ಎರಡು ಸೆಕೆಂಡು ನಿಲ್ಲಿ. ಆಮೇಲೆ ಒಂದೇ ಒಂದು ಮುಖ್ಯ ಸಂಗತಿ ತೋರಿಸಿ.

ಪರ್ಸೆಂಟ್ ಲೆಕ್ಕವನ್ನೂ ಸರಿಯಾಗಿ ಹೇಳಿ. ಶೇ. 20 ಇದ್ದದ್ದು ಶೇ. 30 ಆದರೆ ಏರಿಕೆ 10 ಪರ್ಸೆಂಟೇಜ್ ಪಾಯಿಂಟ್, ಮೊದಲಿದ್ದ 20ಕ್ಕೆ ಹೋಲಿಸಿ ಹೇಳಿದರೆ 50 ಪರ್ಸೆಂಟ್. “ಇನ್‌ಕ್ರೀಸ್ಡ್ ಬೈ” ಎಂದರೆ ಅಷ್ಟು ಏರಿತು, “ಇನ್‌ಕ್ರೀಸ್ಡ್ ಟು” ಎಂದರೆ ಅಲ್ಲಿಗೆ ಮುಟ್ಟಿತು. ಒಂದು ಚಿಕ್ಕ ಪದ ಅದಲುಬದಲಾದರೆ ಇಡೀ ಅಂಕಿ ಸುಳ್ಳಾಗುತ್ತದೆ.

ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟಿಸುವುದು ಹೇಗೆ?

“ನೌ ಮೈ ಫ್ರೆಂಡ್ ವಿಲ್ ಕಂಟಿನ್ಯೂ” ಎಂದರೆ ದಾರ ಕಡಿದಂತೆ. ನೀವು ಸ್ಥಾಪಿಸಿದ್ದು ಏನು, ಮುಂದಿನವರು ಅದರ ಮೇಲೆ ಏನು ಕಟ್ಟುತ್ತಾರೆ ಎಂದು ಒಂದೊಂದು ವಾಕ್ಯ ಹೇಳಿ ಹೆಸರು ಕರೆಯಿರಿ: “ಸೋ ದ ಸೀಟ್ಸ್ ಆರ್ ದೇರ್, ಬಟ್ ದೇ ಆರ್ ಬ್ಲಾಕ್ಡ್ ಬೈ ಬ್ಯಾಗ್ಸ್. ಮೀರಾ ವಿಲ್ ನೌ ಎಕ್ಸ್‌ಪ್ಲೇನ್ ವೈ ದಿಸ್ ಹ್ಯಾಪನ್ಸ್.” ಮುಂದಿನವರು “ಥ್ಯಾಂಕ್ ಯೂ” ಎಂದು ಸೀದಾ ವಿಷಯಕ್ಕೆ ಬರಲಿ, ಮತ್ತೆ ಶುಭೋದಯ, ಮತ್ತೆ ಪರಿಚಯ ಬೇಡ. ಯಾರು ಎಲ್ಲಿ ನಿಲ್ಲುತ್ತಾರೆ, ಸ್ಲೈಡ್ ಬದಲಿಸುವ ಕ್ಲಿಕ್ಕರ್ ಯಾವ ಕೈಯಿಂದ ಯಾವ ಕೈಗೆ ಹೋಗುತ್ತದೆ ಎಂಬುದನ್ನೂ ಅಭ್ಯಾಸ ಮಾಡಿ. ಒಬ್ಬರು ಮಾತಾಡುವಾಗ ಉಳಿದವರು ಅವರತ್ತ ನೋಡಲಿ. ಪಕ್ಕದಲ್ಲಿ ನಿಂತು ತಮ್ಮ ಕಾರ್ಡು ಗುನುಗುವವರು ಕೇಳುಗರ ಕಣ್ಣಿಗೆ ಬಿದ್ದೇ ಬೀಳುತ್ತಾರೆ.

ಎಷ್ಟು ಸಲ ರಿಹರ್ಸಲ್ ಬೇಕು?

ಒಟ್ಟಿಗೆ ಕನಿಷ್ಠ ಮೂರು ಸಲ. ಮೊದಲನೆಯದು ಸ್ಲೈಡಿಲ್ಲದೆ, ವಾದ ಕೂಡುತ್ತದೆಯೇ ಎಂದು ನೋಡಲು. ಎರಡನೆಯದು ಸ್ಲೈಡು ಮತ್ತು ಗಡಿಯಾರದೊಂದಿಗೆ. ಮೂರನೆಯದು ನಿಂತುಕೊಂಡು, ಸಾಧ್ಯವಾದರೆ ಅದೇ ಕೋಣೆಯಲ್ಲಿ, ಫೋನಿನಲ್ಲಿ ರೆಕಾರ್ಡ್ ಮಾಡುತ್ತ. ಮಧ್ಯೆ ತಪ್ಪಿದರೆ ಮೊದಲಿಂದ ಶುರುಮಾಡಬೇಡಿ. ತಪ್ಪಿದಲ್ಲಿಂದ ಮುಂದುವರಿಯುವುದನ್ನೂ ಅಭ್ಯಾಸ ಮಾಡಬೇಕು, ಆ ದಿನ ಬೇಕಾಗುವುದು ಅದೇ. ಒಂದು ಸಲ ಭಾಗಗಳನ್ನು ಅದಲುಬದಲು ಮಾಡಿ ಹೇಳಿ ನೋಡಿ. ಯಾರಾದರೂ ಗೈರಾದರೆ ಅವರ ಭಾಗ ಎತ್ತಿಕೊಳ್ಳಲು ಇದೇ ಸಿದ್ಧತೆ.

ಗುಂಪಿನಲ್ಲಿ ಒಬ್ಬರು ಕೆಲಸವನ್ನೇ ಮಾಡುತ್ತಿಲ್ಲ. ಏನು ಮಾಡುವುದು?

ಬೇಗ ಮಾತಾಡಿ, ಕೊನೆಯ ವಾರದವರೆಗೆ ಕಾಯಬೇಡಿ. ಎಷ್ಟೋ ಸಲ ಅದು ಸೋಮಾರಿತನವಲ್ಲ, ಇಂಗ್ಲಿಷಿನ ಅಂಜಿಕೆ. ಏನು ಮಾಡಬೇಕೆಂದು ತಿಳಿಯದೆ ಸುಮ್ಮನಿರುವವರೂ ಇರುತ್ತಾರೆ. ‘ಸಂಶೋಧನೆ ಮಾಡು’ ಎನ್ನುವ ಬದಲು ‘ಬುಧವಾರದೊಳಗೆ ಎರಡು ಮೂಲ ಹುಡುಕಿ ಮೂರು ಸಾಲಿನಲ್ಲಿ ಬರೆದು ಕಳಿಸು’ ಎನ್ನಿ. ಪ್ರತಿ ಭೇಟಿಯ ನಂತರ ಯಾರು, ಏನು, ಯಾವಾಗ ಎಂದು ಗುಂಪಿನ ಚಾಟಿನಲ್ಲಿ ಬರೆದಿಡಿ. ಆಗಲೂ ಸರಿಹೋಗದಿದ್ದರೆ ಆ ದಾಖಲೆಯೊಂದಿಗೆ ಅಧ್ಯಾಪಕರಿಗೆ ತಿಳಿಸಿ, ಪ್ರೆಸೆಂಟೇಷನ್ ಆದ ಮೇಲಲ್ಲ, ಮುಂಚೆ.

ಕೈಕಾಲು ನಡುಗುತ್ತದೆ. ಪರಿಹಾರವಿದೆಯೇ?

ನಡುಕ ಪೂರ್ತಿ ನಿಲ್ಲಬೇಕೆಂದೇನೂ ಇಲ್ಲ. ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ಉತ್ಸಾಹದಲ್ಲಿದ್ದೇನೆ’ ಎಂದುಕೊಂಡವರು ಭಾಷಣದಲ್ಲಿ ಮೇಲೆನಿಸಿದರು. ಎದೆ ಬಡಿತ ಭಯದಲ್ಲೂ ಉತ್ಸಾಹದಲ್ಲೂ ಜೋರೇ, ಹೆಸರಷ್ಟೇ ಬೇರೆ. ಕಾಗದದ ಹಾಳೆ ಹಿಡಿದರೆ ನಡುಕ ಎದ್ದು ಕಾಣುತ್ತದೆ, ದಪ್ಪ ಕಾರ್ಡು ಹಿಡಿಯಿರಿ. ಪದ ಮರೆತರೆ “ಲೆಟ್ ಮಿ ಪುಟ್ ಇಟ್ ಅನದರ್ ವೇ” ಎಂದು ಸುಲಭದ ಮಾತಿನಲ್ಲಿ ಹೇಳಿ ಮುಂದೆ ಸಾಗಿ.

ಪ್ರಶ್ನೆ ಅರ್ಥವಾಗದಿದ್ದರೆ? ಉತ್ತರ ಗೊತ್ತಿಲ್ಲದಿದ್ದರೆ?

ಅರ್ಥವಾಗದಿದ್ದರೆ ಕೇಳಿ: “ಕುಡ್ ಯೂ ಪ್ಲೀಸ್ ರಿಫ್ರೇಸ್ ದ ಕ್ವೆಶ್ಚನ್?” ಅರ್ಧ ಅರ್ಥವಾಗಿದ್ದರೆ “ಆರ್ ಯೂ ಆಸ್ಕಿಂಗ್ ವೆದರ್…?” ಎಂದು ನಿಮ್ಮ ಮಾತಿನಲ್ಲಿ ಹೇಳಿ ಖಚಿತಪಡಿಸಿಕೊಳ್ಳಿ. ಈ ವಾಕ್ಯದಿಂದ ಯೋಚಿಸಲು ಐದಾರು ಸೆಕೆಂಡು ಸಿಗುತ್ತದೆ, ಹಿಂದೆ ಕೂತವರಿಗೂ ಪ್ರಶ್ನೆ ಕೇಳುತ್ತದೆ. ಗೊತ್ತಿಲ್ಲದ್ದಕ್ಕೆ ಅಂಕಿ ಕಟ್ಟಿ ಹೇಳಬೇಡಿ. “ಅವರ್ ಡೇಟಾ ಡಸ್ ನಾಟ್ ಕವರ್ ದಟ್” ಎಂದು ಒಪ್ಪಿಕೊಂಡು, ಗೊತ್ತಿರುವಷ್ಟನ್ನು ಹೇಳಿ.

ಯಾವ ಬಗೆಯ ಪ್ರಶ್ನೆಗೆ ಯಾರು ಎಂದು ಮೊದಲೇ ಹಂಚಿಕೊಳ್ಳಿ. ಒಬ್ಬರು ಉತ್ತರಿಸುವಾಗ ಮಧ್ಯೆ ಬಾಯಿ ಹಾಕದೆ, ಮುಗಿದ ಮೇಲೆ “ಮೇ ಐ ಆ್ಯಡ್ ಟು ದಟ್?” ಎನ್ನಿ. ಬಂದೇ ಬರುವ ಪ್ರಶ್ನೆಗಳು ನಾಲ್ಕು: ಖರ್ಚೆಷ್ಟು, ಜನ ಪಾಲಿಸದಿದ್ದರೆ ಏನು, ಬೇರೆ ದಾರಿ ಏಕೆ ಬಿಟ್ಟಿರಿ, ನಿಮ್ಮ ಪುರಾವೆ ಸಾಕೇ. ನಾಲ್ಕಕ್ಕೂ 30 ಸೆಕೆಂಡಿನ ಉತ್ತರ ಸಿದ್ಧವಿರಲಿ.

ಆ ದಿನ ಪ್ರೊಜೆಕ್ಟರ್ ಕೈಕೊಟ್ಟರೆ?

ಕಡತವನ್ನು ಪೆನ್‌ಡ್ರೈವಿನಲ್ಲಿ, ಇಮೇಲಿನಲ್ಲಿ, ಒಬ್ಬರ ಫೋನಿನಲ್ಲಿ ಇಟ್ಟಿರಿ. ಪಿಡಿಎಫ್ ಪ್ರತಿಯೂ ಇರಲಿ, ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಶೈಲಿ ಕಲಸಿಹೋಗುವುದು ಅದರಲ್ಲಿ ತಪ್ಪುತ್ತದೆ. ಏನೂ ನಡೆಯದಿದ್ದರೆ ಮುಖ್ಯ ಗ್ರಾಫನ್ನು ಬೋರ್ಡಿನ ಮೇಲೆ ಬರೆದು ಶುರುಮಾಡಿ. ಸರಿಪಡಿಸಲು ಎರಡು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಒಬ್ಬರು ತಂತಿ ನೋಡುತ್ತಿರಲಿ, ಮೊದಲ ಭಾಗದವರು ಸನ್ನಿವೇಶ ಹೇಳಲು ಶುರುಮಾಡಲಿ, ಅದಕ್ಕೆ ಪರದೆ ಬೇಕಿಲ್ಲ.